ಹೊಸ ಕಂಪ್ಯೂಟರಿಗೆ ಹಳೆಯ ಎಸ್‌ಎಂಪಿಎಸ್ ಸಾಕೇ?

ಮನೆಗೆ ಹತ್ತಿಪ್ಪತ್ತು ಮಂದಿ ನೆಂಟರು ಬರುತ್ತಾರೆಂದು ತಿಳಿದರೆ ನಾವು ಹೆಂಗಸರು ಮೊದಲು ಏನು ಮಾಡುತ್ತೇವೆ? ಅಡುಗೆಮನೆಗೆ ಹೋಗಿ ಗ್ಯಾಸ್ ಸಿಲಿಂಡರನ್ನು ಸ್ವಲ್ಪ ಎತ್ತಿ, ಅಲುಗಾಡಿಸಿ ನೋಡುತ್ತೇವೆ. ಅಕ್ಕಿ, ಮಾಂಸ, ಮಸಾಲೆ ಎಲ್ಲವನ್ನೂ ತಂದಿಟ್ಟು, ಬಿರಿಯಾನಿಗೆ ದಮ್ ಕೊಡುವ ಹೊತ್ತಿಗೆ ಒಲೆ ಆರಿಹೋದರೆ ಏನು ಗತಿ ಎಂಬುದು ನಮಗೆ ಚೆನ್ನಾಗಿ ಗೊತ್ತು.

ಆದರೆ ಕಂಪ್ಯೂಟರಿನ ವಿಷಯದಲ್ಲಿ ನಮಗೆ ಈ ಎಚ್ಚರ ಇರುವುದಿಲ್ಲ. ಹೊಸ ಪ್ರೊಸೆಸರ್ ಹಾಕಿಸುತ್ತೇವೆ, ಹೊಸ ಮದರ್‌ಬೋರ್ಡ್ ಹಾಕಿಸುತ್ತೇವೆ, ರ್‍ಯಾಮ್ ಹೆಚ್ಚಿಸುತ್ತೇವೆ. ಇವೆಲ್ಲಕ್ಕೂ ವಿದ್ಯುತ್ ಉಣಿಸುವ ಒಂದು ತಗಡಿನ ಪೆಟ್ಟಿಗೆ ಕ್ಯಾಬಿನೆಟ್ಟಿನ ಮೂಲೆಯಲ್ಲಿ ಧೂಳು ತಿನ್ನುತ್ತಾ ಕುಳಿತಿರುತ್ತದೆ. ‘ಅದು ಹಳೆಯದೇ ಇರಲಿ ಬಿಡಿ, ನಡೆಯುತ್ತಿದೆಯಲ್ಲ’ ಎನ್ನುತ್ತೇವೆ. ಆ ಪೆಟ್ಟಿಗೆಯೇ ಎಸ್‌ಎಂಪಿಎಸ್. ಈ ತಿಂಗಳು ಅದರ ಬಗ್ಗೆ ಬರೆಯಲು ಒಂದು ಕಾರಣವಿದೆ.

ನನ್ನ ತಂಗಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಾಳೆ. ಗಂಡ ತೀರಿಹೋದ ಬಳಿಕ ಇಬ್ಬರು ಮಕ್ಕಳ ಓದು, ಮನೆ ಬಾಡಿಗೆ ಎಲ್ಲವೂ ಅದರಿಂದಲೇ ನಡೆಯಬೇಕು. ಮದುವೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಅಂಗಡಿಗಳ ಬಿಲ್ ಪುಸ್ತಕ ಮಾಡುತ್ತಿದ್ದವಳು, ಮೂರ್ನಾಲ್ಕು ವರ್ಷಗಳಿಂದ ಮದುವೆ ಆಲ್ಬಮ್‌ಗಳ ಪುಟ ವಿನ್ಯಾಸವನ್ನೂ ಮಾಡಿಕೊಡುತ್ತಿದ್ದಾಳೆ. ಅವಳ ಕಂಪ್ಯೂಟರ್ 2011ರಲ್ಲಿ ಜೋಡಿಸಿದ್ದು. ಫೋಟೋಗಳ ಕೆಲಸಕ್ಕೆ ಅದು ತೀರಾ ನಿಧಾನ. ಜೊತೆಗೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಮೊದಲೇ ಘೋಷಿಸಿತ್ತು. ಹದಿನಾಲ್ಕು ವರ್ಷ ಹಳೆಯ ಪ್ರೊಸೆಸರ್ ವಿಂಡೋಸ್ 11ಕ್ಕೆ ಆಗಿಬರುವುದಿಲ್ಲ. ಹಾಗಾಗಿ 2025ರ ಫೆಬ್ರವರಿಯಲ್ಲಿ, ರಮಝಾನ್ ತಿಂಗಳಿಗೆ ಸ್ವಲ್ಪ ಮೊದಲು, ಎರಡು ವರ್ಷ ಕಟ್ಟಿದ ಚೀಟಿಯ ಹಣ ಎತ್ತಿ ಅವಳು ಯಂತ್ರವನ್ನು ಹೊಸದು ಮಾಡಿಸಿದಳು. ಹೊಸ ಮದರ್‌ಬೋರ್ಡ್, ಇಂಟೆಲ್ ಐ5-12400 ಪ್ರೊಸೆಸರ್, 16 ಜಿಬಿ ರ್‍ಯಾಮ್, ಒಂದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್.

ಜೋಡಿಸಲು ಬಂದ ಹುಡುಗ, “ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು, ಹಾರ್ಡ್ ಡಿಸ್ಕು ಹಳೆಯದೇ ಸಾಕು ಮೇಡಂ. 450 ವ್ಯಾಟ್ ಇದೆ, ಧಾರಾಳ ಆಯ್ತು. ಸುಮ್ಮನೆ ಯಾಕೆ ಖರ್ಚು?” ಎಂದ. ಖರ್ಚು ಉಳಿಯುವ ಮಾತು ಯಾರಿಗೆ ಇಷ್ಟವಾಗುವುದಿಲ್ಲ? ತಂಗಿಯೂ ಒಪ್ಪಿದಳು. ಅಲ್ಲೇ ಇದ್ದ ನಾನೂ ತಲೆಯಾಡಿಸಿದೆ.

ಮೊದಲ ಒಂದು ವಾರ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಯಂತ್ರ ಇದ್ದಕ್ಕಿದ್ದಂತೆ ಆಫ್ ಆಗತೊಡಗಿತು. ಕರೆಂಟು ಹೋಗಿಲ್ಲ, ಯುಪಿಎಸ್ ಸರಿಯಾಗಿದೆ, ಆದರೂ ಪಟ್ಟನೆ ಪರದೆ ಕಪ್ಪು. ವಿಚಿತ್ರವೆಂದರೆ ಇಡೀ ದಿನ ಕನ್ನಡ ಟೈಪ್ ಮಾಡಿದರೂ ಏನೂ ಆಗುತ್ತಿರಲಿಲ್ಲ. ಆಲ್ಬಮಿನ ಪುಟಗಳನ್ನೆಲ್ಲ ಒಟ್ಟಿಗೆ ಹೊರತೆಗೆಯಲು ಹೊರಟರೆ ಮಾತ್ರ ಐದು ನಿಮಿಷದಲ್ಲಿ ಸ್ತಬ್ಧ. ಹುಡುಗ ಬಂದು ರ್‍ಯಾಮ್ ತೆಗೆದು ಒರೆಸಿ ಹಾಕಿದ. ಮತ್ತೊಮ್ಮೆ ಬಂದು ವಿಂಡೋಸ್ ಹೊಸದಾಗಿ ಹಾಕಿದ. ಇನ್ನೊಮ್ಮೆ ಮದರ್‌ಬೋರ್ಡನ್ನು ವಾರಂಟಿಗೆ ಕಳಿಸಬೇಕೆಂದ. ಈದ್ ಕಳೆದ ಕೂಡಲೇ ಮದುವೆಗಳ ಸಾಲು. ಕಾರ್ಡುಗಳ ಆರ್ಡರು ಬಂದು ಬಿದ್ದಿದೆ. ಇಫ್ತಾರಿನ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ ರಾತ್ರಿಯಿಡೀ ಕುಳಿತರೂ ಅವಳ ಕೆಲಸ ಮುಂದೆ ಸಾಗುತ್ತಿರಲಿಲ್ಲ.

ರಮಝಾನಿನ ಕೊನೆಯ ವಾರದಲ್ಲಿ ಒಂದು ರಾತ್ರಿ ಫೋನ್ ಮಾಡಿದಳು. “ಆಪಾ, ಟಪ್ ಅಂತ ಸದ್ದು ಬಂತು. ಸುಟ್ಟ ವಾಸನೆ. ಈಗ ಏನು ಒತ್ತಿದರೂ ಶುರುವಾಗುವುದಿಲ್ಲ” ಎಂದಳು. ಅವಳು ಅಳುತ್ತಿರಲಿಲ್ಲ. ಅವಳ ದನಿ ಮಾತ್ರ ತೀರಾ ಸಣ್ಣದಾಗಿತ್ತು.

ಮರುದಿನ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಇನ್ನೊಬ್ಬರ ಬಳಿಗೆ ಒಯ್ದೆವು. ಮೂವತ್ತು ವರ್ಷ ಟಿವಿ ರಿಪೇರಿ ಮಾಡಿ, ಬಳಿಕ ಕಂಪ್ಯೂಟರ್ ಕಲಿತ ಹಿರಿಯರು ಅವರು. ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು, ಎಸ್‌ಎಂಪಿಎಸ್ ಮೇಲಿನ ಚೀಟಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಕನ್ನಡಕ ಏರಿಸಿ ಓದಿದರು. “ಅಮ್ಮಾ, ನೀವು ಟೀಚರಲ್ಲವೇ? ಇದನ್ನು ಸ್ವಲ್ಪ ಗುಣಿಸಿ ನೋಡಿ” ಎಂದು ನನ್ನ ಕಡೆ ತಿರುಗಿಸಿದರು. ಅಂದು ಅವರು ಕಲಿಸಿದ ಪಾಠವನ್ನೇ ಈಗ ನಿಮಗೆ ಹೇಳಲು ಹೊರಟಿದ್ದೇನೆ. ನಾನು ವಿಜ್ಞಾನ ಓದಿದವಳಲ್ಲ. ಆದರೆ ಈ ಲೆಕ್ಕಕ್ಕೆ ಮಗ್ಗಿ ಗೊತ್ತಿದ್ದರೆ ಸಾಕು.

ಏನಿದು ಎಸ್‌ಎಂಪಿಎಸ್?

ನಮ್ಮ ಮನೆಯ ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟಿನ ಎಸಿ ವಿದ್ಯುತ್. ಕಂಪ್ಯೂಟರಿನ ಒಳಗಿನ ಭಾಗಗಳಿಗೆ ಇದನ್ನು ನೇರವಾಗಿ ಕೊಡುವಂತಿಲ್ಲ. ಅವುಗಳಿಗೆ ಬೇಕಾದದ್ದು 12 ವೋಲ್ಟ್, 5 ವೋಲ್ಟ್ ಮತ್ತು 3.3 ವೋಲ್ಟಿನ ಡಿಸಿ ವಿದ್ಯುತ್. ಗೋಡೆಯಿಂದ ಬಂದದ್ದನ್ನು ಹೀಗೆ ಬದಲಾಯಿಸಿ, ಏರಿಳಿತವಿಲ್ಲದೆ ಹಂಚುವುದೇ ಎಸ್‌ಎಂಪಿಎಸ್‌ನ ಕೆಲಸ. ಅದರಿಂದ ಹೊರಡುವ ತಂತಿಗಳಲ್ಲಿ ಸಾಮಾನ್ಯವಾಗಿ ಹಳದಿ ಬಣ್ಣದ್ದು 12 ವೋಲ್ಟ್, ಕೆಂಪು 5 ವೋಲ್ಟ್, ಕಿತ್ತಳೆ 3.3 ವೋಲ್ಟ್, ಕಪ್ಪು ಗ್ರೌಂಡ್.

ಈಗ ನಾವು ಬಳಸುವ ಮಾದರಿಯ ಎಸ್‌ಎಂಪಿಎಸ್‌ಗೆ ಎಟಿಎಕ್ಸ್ ಎಂದು ಹೆಸರು. ಇಂಟೆಲ್ ಕಂಪೆನಿ ಇದನ್ನು 1995ರಲ್ಲಿ ತಂದಿತು. ಹೊರನೋಟಕ್ಕೆ ಆಗಿನದ್ದೂ ಈಗಿನದ್ದೂ ಒಂದೇ ರೀತಿಯ ಪೆಟ್ಟಿಗೆ. ಅದೇ ನಾಲ್ಕು ಸ್ಕ್ರೂ. ಆದ್ದರಿಂದಲೇ ‘ಹಳೆಯದೂ ಆಗುತ್ತದೆ’ ಎಂದು ನಾವು ಮೋಸಹೋಗುತ್ತೇವೆ. ಒಳಗಿನ ಹಂಚಿಕೆ ಮಾತ್ರ ಪೂರ್ತಿ ಬದಲಾಗಿದೆ. ಹಿಂದಿನ ಯಂತ್ರಗಳು ಹೆಚ್ಚಾಗಿ 5 ಮತ್ತು 3.3 ವೋಲ್ಟಿನಿಂದಲೇ ಬದುಕುತ್ತಿದ್ದವು. 2000ನೇ ಇಸವಿಯಲ್ಲಿ ಪೆಂಟಿಯಂ 4 ಬಂದಾಗ ಪ್ರೊಸೆಸರಿಗೆಂದೇ 12 ವೋಲ್ಟಿನ ನಾಲ್ಕು ಪಿನ್ನಿನ ಬೇರೊಂದು ಕನೆಕ್ಟರ್ ಸೇರಿತು. 2003ರಲ್ಲಿ ಮುಖ್ಯ ಕನೆಕ್ಟರಿನ 20 ಪಿನ್ನುಗಳು 24 ಆದವು. ಇಂದಿನ ಯಂತ್ರದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ವಿದ್ಯುತ್ತನ್ನು ಬಹುಪಾಲು 12 ವೋಲ್ಟಿನಿಂದಲೇ ಪಡೆಯುತ್ತವೆ. ಈ ಒಂದು ಮಾತು ನೆನಪಿದ್ದರೆ ಮುಂದಿನ ಲೆಕ್ಕ ಸುಲಭ.

ಚೀಟಿಯನ್ನು ಓದುವುದು ಹೇಗೆ?

ಪ್ರತಿ ಎಸ್‌ಎಂಪಿಎಸ್ ಮೇಲೂ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ದಪ್ಪ ಅಕ್ಷರದಲ್ಲಿರುವ ‘450 ವ್ಯಾಟ್’ ಎಂಬುದನ್ನು ಸದ್ಯಕ್ಕೆ ಮರೆತುಬಿಡಿ. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಬರೆದಿದೆ, ಅದನ್ನು ನೋಡಿ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ.

ತಂಗಿಯ ಹಳೆಯ ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು 15 ಆಂಪಿಯರ್. ಹನ್ನೆರಡು ಹದಿನೈದಲಿ ನೂರಾ ಎಂಬತ್ತು. ಅಂದರೆ 12 ವೋಲ್ಟಿನಲ್ಲಿ ಅದು ಕೊಡಬಲ್ಲದ್ದು 180 ವ್ಯಾಟ್ ಮಾತ್ರ! ಉಳಿದದ್ದೆಲ್ಲ 5 ಮತ್ತು 3.3 ವೋಲ್ಟಿನ ಲೆಕ್ಕ. ಅದು ಇಂದಿನ ಯಂತ್ರಕ್ಕೆ ಅಷ್ಟಾಗಿ ಬೇಕಿಲ್ಲ. ಊಟಕ್ಕೆ ಕುಳಿತವರು ಅನ್ನ ಕೇಳುವಾಗ ನಮ್ಮಲ್ಲಿ ಉಪ್ಪಿನಕಾಯಿ ಭರಣಿ ತುಂಬ ಇದೆ ಎಂದಂತೆ.

ಈಗ ಬೇಡಿಕೆ ನೋಡೋಣ. ಐ5-12400 ಪ್ರೊಸೆಸರಿನ ಮೂಲ ಪ್ರಮಾಣ 65 ವ್ಯಾಟ್ ಎಂದಿದೆ. ಹುಡುಗ ಲೆಕ್ಕ ಹಾಕಿದ್ದು ಅದನ್ನೇ. ಆದರೆ ಪೂರ್ತಿ ವೇಗದಲ್ಲಿ ದುಡಿಯುವಾಗ ಅದು 117 ವ್ಯಾಟ್‌ವರೆಗೆ ಎಳೆಯುತ್ತದೆಂದು ಇಂಟೆಲ್ ಕಂಪೆನಿಯೇ ಹೇಳಿದೆ. ಜಿಟಿಎಕ್ಸ್ 1650 ಕಾರ್ಡಿಗೆ 75 ವ್ಯಾಟ್. ಇವೆರಡೇ ಸೇರಿದರೆ 192. ಮದರ್‌ಬೋರ್ಡ್, ರ್‍ಯಾಮ್, ಹಾರ್ಡ್ ಡಿಸ್ಕ್, ಫ್ಯಾನುಗಳಿಗೆ ಇನ್ನೊಂದು 40-50 ವ್ಯಾಟ್ ಬೇಕು. ಒಟ್ಟು 240ರ ಆಸುಪಾಸು. ಕೊಡುವವನ ಕೈಯಲ್ಲಿ 180, ಕೇಳುವವರದು 192ಕ್ಕೂ ಮೇಲೆ. ಟೈಪ್ ಮಾಡುವಾಗ ಇದರ ಕಾಲು ಭಾಗವೂ ಬೇಕಾಗಲಿಕ್ಕಿಲ್ಲ. ಆಲ್ಬಮ್ ಹೊರತೆಗೆಯುವಾಗ ಪ್ರೊಸೆಸರೂ ಕಾರ್ಡೂ ಒಟ್ಟಿಗೆ ದುಡಿಯುತ್ತವೆ. ಯಂತ್ರ ಆಗಲೇ ಏಕೆ ನಿಲ್ಲುತ್ತಿತ್ತು ಎಂಬುದು ಈಗ ನಿಮಗೂ ಅರ್ಥವಾಗಿರಬಹುದು.

ಇದು ದೊಡ್ಡದೊಂದು ಗುರುತು. ಹಗುರ ಕೆಲಸದಲ್ಲಿ ಚೆನ್ನಾಗಿದ್ದು, ಭಾರದ ಕೆಲಸ ಬಿದ್ದಾಗ ಮಾತ್ರ ನಿಲ್ಲುವ ಅಥವಾ ತಾನಾಗಿ ರೀಸ್ಟಾರ್ಟ್ ಆಗುವ ಯಂತ್ರವಾದರೆ ಎಸ್‌ಎಂಪಿಎಸ್ ಮೇಲೆ ಸಂಶಯ ಪಡಿ. ಪ್ರೊಸೆಸರ್ ಅತಿಯಾಗಿ ಬಿಸಿಯಾದರೂ ಹೀಗಾಗುತ್ತದೆ. ಎರಡನ್ನೂ ನೋಡಿಸಬೇಕು. ರ್‍ಯಾಮ್, ವಿಂಡೋಸ್, ಮದರ್‌ಬೋರ್ಡ್ ಎಂದು ಊರೆಲ್ಲ ಸುತ್ತಿ ಬಂದ ಮೇಲೆ ಅಲ್ಲ, ಮೊದಲೇ.

ಹಳತಾದಂತೆ ಶಕ್ತಿ ಕುಂದುತ್ತದೆ

‘ಚೀಟಿಯ ಲೆಕ್ಕ ಸರಿಯಿದ್ದರೆ ಹಳೆಯದನ್ನೇ ಇಟ್ಟುಕೊಳ್ಳಬಹುದೇ?’ ಎಂದು ನೀವು ಕೇಳಬಹುದು. ಚೀಟಿಯಲ್ಲಿರುವುದು ಅದು ಹೊಸದಾಗಿದ್ದಾಗಿನ ಮಾತು. ಎಸ್‌ಎಂಪಿಎಸ್ ಒಳಗೆ ಕೆಪ್ಯಾಸಿಟರ್ ಎಂಬ ಸಣ್ಣ ಡಬ್ಬಿಗಳಿರುತ್ತವೆ. ವಿದ್ಯುತ್ತಿನ ಏರಿಳಿತವನ್ನು ತಡೆದು ಸಮ ಮಾಡುವುದು ಅವುಗಳ ಕೆಲಸ. ಅವುಗಳಲ್ಲಿರುವ ದ್ರವ ವರ್ಷಗಳು ಕಳೆದಂತೆ ಬಿಸಿಗೆ ಒಣಗುತ್ತದೆ. ಒಳಗಿನ ಬಿಸಿ ಹತ್ತು ಡಿಗ್ರಿ ಹೆಚ್ಚಾದರೆ ಈ ಡಬ್ಬಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ವಿದ್ಯೆ ಬಲ್ಲವರ ಲೆಕ್ಕ. ಧೂಳು ಕಟ್ಟಿದ ಫ್ಯಾನ್, ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್, ಮೇಲೆ ಹೊದಿಸಿದ ಚಂದದ ಬಟ್ಟೆ ಎಲ್ಲವೂ ಬಿಸಿಯನ್ನು ಹೆಚ್ಚಿಸುತ್ತವೆ. ಕೆಟ್ಟ ಕೆಪ್ಯಾಸಿಟರಿನ ತಲೆ ಸಾಮಾನ್ಯವಾಗಿ ಉಬ್ಬಿಕೊಂಡಿರುತ್ತದೆ, ಇಲ್ಲವೇ ಕಂದು ಬಣ್ಣದ ಅಂಟು ಹೊರಬಂದಿರುತ್ತದೆ.

12 ವೋಲ್ಟ್ ಎಂದರೆ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದು ನಿಯಮ. ಅಂದರೆ 11.4ರಿಂದ 12.6ರ ಒಳಗೆ. ಹಾಗೆಯೇ 5 ವೋಲ್ಟಿನದ್ದು 4.75ರಿಂದ 5.25. ರಿಪೇರಿಯವರ ಬಳಿ ಇರುವ ಮಲ್ಟಿಮೀಟರಿನಿಂದ ಇದನ್ನು ಅಳೆಯಬಹುದು. ಆದರೆ ಯಂತ್ರ ಭಾರದ ಕೆಲಸ ಮಾಡುತ್ತಿರುವಾಗಲೇ ಅಳೆಯಬೇಕು. ಸುಮ್ಮನೆ ಕುಳಿತವರಿಗೆ ಆಯಾಸ ಕಾಣುವುದಿಲ್ಲವಲ್ಲ?

ಹಳೆಯದು ಕರೆಂಟನ್ನೂ ಹೆಚ್ಚು ತಿನ್ನುತ್ತದೆ. ಹೊಸ ಎಸ್‌ಎಂಪಿಎಸ್‌ಗಳ ಮೇಲೆ ‘80 ಪ್ಲಸ್’ ಎಂಬ ಮುದ್ರೆ ಇರುತ್ತದೆ. 2004ರಲ್ಲಿ ಆರಂಭವಾದ ಈ ಮುದ್ರೆಯ ಅರ್ಥ ಇಷ್ಟೇ: ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಕನಿಷ್ಠ ನೂರಕ್ಕೆ 80 ಭಾಗವನ್ನು ಅದು ಯಂತ್ರಕ್ಕೆ ತಲುಪಿಸುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಯಂತ್ರಕ್ಕೆ 100 ವ್ಯಾಟ್ ಬೇಕೆಂದಿಟ್ಟುಕೊಳ್ಳಿ. 80 ಭಾಗ ತಲುಪಿಸುವುದು ಗೋಡೆಯಿಂದ 125 ವ್ಯಾಟ್ ಪಡೆಯುತ್ತದೆ. 65 ಭಾಗ ಮಾತ್ರ ತಲುಪಿಸುವುದು ಸುಮಾರು 154 ಪಡೆಯುತ್ತದೆ. ದಿನಕ್ಕೆ ಎಂಟು ಗಂಟೆ ಕೆಲಸವಾದರೆ ತಿಂಗಳಿಗೆ ಸುಮಾರು 7 ಯುನಿಟ್ ದಂಡ. ಆ ದಂಡವೇ ಮತ್ತೆ ಬಿಸಿಯಾಗಿ ಅದೇ ಪೆಟ್ಟಿಗೆಯನ್ನು ಸುಡುತ್ತದೆ.

ಕೊಳ್ಳುವಾಗ ಕೇಳಬೇಕಾದದ್ದು

ಯಂತ್ರವನ್ನು ಹೊಸದು ಮಾಡಿಸುವಾಗ ಎಸ್‌ಎಂಪಿಎಸ್ ಅನ್ನು ಪಟ್ಟಿಯ ಕೊನೆಯಲ್ಲಿ ಅಲ್ಲ, ಮೊದಲ ಸಾಲಿನಲ್ಲೇ ಬರೆಯಿರಿ. ಅಂಗಡಿ ಬೆಂಗಳೂರಿನ ಎಸ್.ಪಿ. ರಸ್ತೆಯದಾಗಲಿ, ನಿಮ್ಮ ಊರಿನ ಬಸ್ ನಿಲ್ದಾಣದ ಎದುರಿನದಾಗಲಿ, ಈ ಪ್ರಶ್ನೆಗಳನ್ನು ಕೇಳಿ.

12 ವೋಲ್ಟಿನಲ್ಲಿ ಎಷ್ಟು ಆಂಪಿಯರ್? ಒಳ್ಳೆಯ 450 ವ್ಯಾಟಿನದ್ದಾದರೆ 34-36 ಆಂಪಿಯರ್ ಬರೆದಿರುತ್ತದೆ. 36 ಇದ್ದರೆ 432 ವ್ಯಾಟ್ ಆಯಿತು. ಅಂದರೆ ಹೇಳಿದ ಮಾತಿಗೂ ಕೊಡುವುದಕ್ಕೂ ಹೆಚ್ಚು ಅಂತರವಿಲ್ಲ. ನಿಮ್ಮ ಯಂತ್ರದ ಒಟ್ಟು ಬೇಡಿಕೆ ಅದರ ಅರ್ಧದಿಂದ ಮೂರನೇ ಎರಡು ಭಾಗದೊಳಗಿದ್ದರೆ ನೆಮ್ಮದಿ. ಬರೀ ಬರವಣಿಗೆ, ಲೆಕ್ಕಪತ್ರ, ಮಕ್ಕಳ ಆನ್‌ಲೈನ್ ಪಾಠ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ ಎಂದಾದರೆ ದೊಡ್ಡದರ ಅಗತ್ಯವೇ ಇಲ್ಲ. ಆಗಲೂ ಗುಣಮಟ್ಟದ್ದೇ ಇರಲಿ. ಮಗ ಗೇಮಿನ ಕಾರ್ಡು ಬೇಕೆಂದು ಹಠ ಹಿಡಿದಿದ್ದರೆ ಕಾರ್ಡಿನ ಬೆಲೆಯನ್ನಷ್ಟೇ ಕೇಳಬೇಡಿ. ಉದಾಹರಣೆಗೆ ಆರ್‌ಟಿಎಕ್ಸ್ 3060 ಕಾರ್ಡು ಒಂದೇ 170 ವ್ಯಾಟ್ ಎಳೆಯುತ್ತದೆ. ಅದಕ್ಕೆ 550 ವ್ಯಾಟಿನ ಎಸ್‌ಎಂಪಿಎಸ್ ಬೇಕೆಂದು ತಯಾರಕರೇ ಹೇಳುತ್ತಾರೆ.

ರಕ್ಷಣೆಯ ವ್ಯವಸ್ಥೆ ಇದೆಯೇ? ವೋಲ್ಟೇಜ್ ಮಿತಿ ಮೀರಿದರೆ, ಭಾರ ಹೆಚ್ಚಾದರೆ, ಶಾರ್ಟ್ ಆದರೆ ಒಳ್ಳೆಯ ಎಸ್‌ಎಂಪಿಎಸ್ ತಾನಾಗಿ ನಿಂತುಬಿಡುತ್ತದೆ. ಕಳಪೆಯದಕ್ಕೆ ಆ ಬುದ್ಧಿ ಇರುವುದಿಲ್ಲ. ತಾನು ಸಾಯುವಾಗ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಹುದು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಸಿಗುವ ಪೆಟ್ಟಿಗೆಗಳ ಬಗ್ಗೆ ಹುಷಾರಾಗಿರಬೇಕಾದದ್ದು ಇದಕ್ಕೇ.

ಬೇಕಾದ ಕನೆಕ್ಟರುಗಳೆಲ್ಲ ಇವೆಯೇ? ಮುಖ್ಯವಾದ 24 ಪಿನ್ನಿನದ್ದು, ಪ್ರೊಸೆಸರಿನ 8 ಪಿನ್ನಿನದ್ದು, ಡಿಸ್ಕುಗಳಿಗೆ ಸಾಕಷ್ಟು ಸಾಟಾ ತಂತಿಗಳು, ಕಾರ್ಡಿಗೆ ಬೇಕಿದ್ದರೆ 6 ಅಥವಾ 8 ಪಿನ್ನಿನದ್ದು. ಇಲ್ಲದ್ದನ್ನು ಅಗ್ಗದ ಕನ್ವರ್ಟರ್ ತಂತಿಗಳಿಂದ ಸರಿದೂಗಿಸಲು ಹೋಗಬೇಡಿ. ಅವು ಒಳಗೇ ಶಾರ್ಟ್ ಆಗಿ ಕರಗಿದ ಉದಾಹರಣೆಗಳಿವೆ.

ಕೊನೆಯದಾಗಿ, ವಾರಂಟಿ ಎಷ್ಟು ವರ್ಷ? ಬಿಲ್ ಕೊಡುತ್ತೀರಾ? ಮೂರು ಅಥವಾ ಐದು ವರ್ಷದ ಹೊಣೆ ಹೊರುವ ತಯಾರಕರಿದ್ದಾರೆ. ಕಂಪೆನಿಯವರೇ ಜೋಡಿಸಿ ಮಾರಿದ ಬ್ರಾಂಡೆಡ್ ಡೆಸ್ಕ್‌ಟಾಪ್ ನಿಮ್ಮದಾದರೆ ಇನ್ನೊಂದು ಮಾತು. ಅವುಗಳಲ್ಲಿ ಕೆಲವಕ್ಕೆ ಪೆಟ್ಟಿಗೆಯ ಅಳತೆಯೂ ಕನೆಕ್ಟರೂ ಬೇರೆ ಇರುತ್ತವೆ. ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ ಅದಕ್ಕೆ ಹೊಂದುವುದನ್ನೇ ಕೇಳಬೇಕು.

ಬದಲಾಯಿಸುವಾಗ

ಗೊತ್ತಿರುವವರ ಕೈಯಿಂದ ಮಾಡಿಸುವುದೇ ಒಳ್ಳೆಯದು. ಆದರೆ ಪಕ್ಕದಲ್ಲಿ ನಿಂತು ನೋಡಿ. ಗೋಡೆಯ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನು ಕಿತ್ತಿಡಬೇಕು. ನಂತರ ಕಂಪ್ಯೂಟರಿನ ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತೂ ಬಹುಮಟ್ಟಿಗೆ ಹರಿದುಹೋಗುತ್ತದೆ. ತಂತಿಗಳನ್ನು ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿಡಿ. ಹಿಂಬದಿಯ ನಾಲ್ಕು ಸ್ಕ್ರೂ ತೆಗೆದರೆ ಪೆಟ್ಟಿಗೆ ಹೊರಬರುತ್ತದೆ.

ಪ್ರೊಸೆಸರಿನ 8 ಪಿನ್ನಿಗೂ ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿಗೂ ವ್ಯತ್ಯಾಸವಿದೆ. ಯಾವುದನ್ನೂ ಬಲವಂತವಾಗಿ ತುರುಕಬಾರದು. ತಂತಿಗಳನ್ನು ಬೇರ್ಪಡಿಸಬಹುದಾದ ‘ಮಾಡ್ಯುಲರ್’ ಎಸ್‌ಎಂಪಿಎಸ್ ಆಗಿದ್ದರೆ ಹಳೆಯದರ ತಂತಿಗಳನ್ನು ಹೊಸದಕ್ಕೆ ಹಾಕಲೇಬೇಡಿ. ತುದಿ ಒಂದೇ ರೀತಿ ಕಂಡರೂ ಒಳಗಿನ ಜೋಡಣೆ ಕಂಪೆನಿಯಿಂದ ಕಂಪೆನಿಗೆ ಬೇರೆ. ಡಿಸ್ಕು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಕೆಲವು ಪೆಟ್ಟಿಗೆಗಳ ಹಿಂದೆ 115/230 ಎಂಬ ಸಣ್ಣ ಕೆಂಪು ಸ್ವಿಚ್ ಇರುತ್ತದೆ. ನಮ್ಮ ದೇಶದಲ್ಲಿ ಅದು 230ರಲ್ಲೇ ಇರಬೇಕು. ಮಕ್ಕಳು ಆಟಕ್ಕೆ 115ಕ್ಕೆ ಸರಿಸಿಬಿಟ್ಟರೆ ಪ್ಲಗ್ ಹಾಕಿದೊಡನೆ ಸ್ಫೋಟದಂಥ ಸದ್ದಿನೊಂದಿಗೆ ಅದು ಸುಟ್ಟುಹೋಗುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ದೊಡ್ಡ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಬಿಚ್ಚಿ ಒಳಗೆ ಕೈ ಹಾಕಬೇಡಿ, ಮಕ್ಕಳಿಗೂ ಬಿಡಬೇಡಿ. ಅದರೊಳಗೆ 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ ಶೇಖರವಾಗಿರುತ್ತದೆ. ಪ್ಲಗ್ ಕಿತ್ತ ಬಳಿಕವೂ ಕೆಲಕಾಲ ಅದು ಉಳಿದಿರಬಹುದು. ಜೀವಕ್ಕೇ ಅಪಾಯ.

ಯುಪಿಎಸ್ ಮತ್ತು ಅರ್ತ್

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಕೆಲವರ ಮನೆಯಲ್ಲಿ ಇನ್ನೊಂದು ತೊಂದರೆ ಕಾಣಿಸುತ್ತದೆ. ಕರೆಂಟು ಹೋದಾಗ ಯುಪಿಎಸ್ ಇದ್ದರೂ ಯಂತ್ರ ಆಫ್ ಆಗುತ್ತದೆ. ಇದಕ್ಕೆ ಎರಡು ಕಾರಣಗಳಿರಬಹುದು. ಮನೆಗಳಲ್ಲಿ ಹೆಚ್ಚಾಗಿರುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್ ಮಾತ್ರ. ಬ್ಯಾಟರಿ ಹಳತಾಗಿದ್ದರೆ ಅಷ್ಟೂ ಇಲ್ಲ. ಎರಡನೆಯದಾಗಿ, ಅಗ್ಗದ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವ ವಿದ್ಯುತ್ತಿನ ಅಲೆ ಗೋಡೆಯ ವಿದ್ಯುತ್ತಿನಷ್ಟು ನಯವಾಗಿರುವುದಿಲ್ಲ. ‘ಆಕ್ಟಿವ್ ಪಿಎಫ್‌ಸಿ’ ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಇದನ್ನು ಒಪ್ಪುವುದಿಲ್ಲ. ಕೊಳ್ಳುವ ಮೊದಲೇ ನಿಮ್ಮ ಯುಪಿಎಸ್ ಯಾವುದೆಂದು ಅಂಗಡಿಯವರಿಗೆ ಹೇಳಿ.

ಬರಿಗಾಲಿನಲ್ಲಿ ನೆಲ ಒರೆಸುವಾಗ ಕ್ಯಾಬಿನೆಟ್ಟಿಗೆ ಕೈ ತಾಗಿ ‘ಜುಂ’ ಎಂದಿರುವ ಅನುಭವ ನಿಮಗಿದೆಯೇ? ತಂಗಿಯ ಬಾಡಿಗೆ ಮನೆಯಲ್ಲೂ ಹೀಗಾಗುತ್ತಿತ್ತು. ಎಸ್‌ಎಂಪಿಎಸ್ ಒಳಗಿನ ಶೋಧಕ ಭಾಗದಿಂದ ಸಣ್ಣ ಪ್ರಮಾಣದ ವಿದ್ಯುತ್ ತಗಡಿಗೆ ಬರುವುದು ಸಹಜ. ಅದು ಅರ್ತ್ ತಂತಿಯ ಮೂಲಕ ನೆಲಕ್ಕೆ ಇಳಿದುಹೋಗಬೇಕು. ಪ್ಲಗ್ಗಿನ ಮೂರನೆಯ ದಪ್ಪ ಪಿನ್ ಇರುವುದೇ ಅದಕ್ಕೆ. ಅರ್ತ್ ಇಲ್ಲದಿದ್ದರೆ, ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬಳಸಿದರೆ, ಅದು ನಮ್ಮ ದೇಹದ ಮೂಲಕ ದಾರಿ ಹುಡುಕುತ್ತದೆ. ಸಣ್ಣ ಜುಮ್ಮು ಎಂದು ಬಿಡಬೇಡಿ. ಎಸ್‌ಎಂಪಿಎಸ್ ಒಳಗೆ ದೊಡ್ಡ ದೋಷವಾದ ದಿನ ನಮ್ಮನ್ನು ಕಾಯುವುದೂ ಅದೇ ಅರ್ತ್ ತಂತಿ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷಿಸಿ.

ಕಳೆದುಕೊಂಡದ್ದು

ಆ ದಿನ ಹಿರಿಯರು ಹಳೆಯ ಪೆಟ್ಟಿಗೆಯನ್ನು ತೆಗೆದು ಹೊಸದನ್ನು ಜೋಡಿಸಿದಾಗ ಯಂತ್ರ ಶುರುವಾಯಿತು. ಮದರ್‌ಬೋರ್ಡ್, ಪ್ರೊಸೆಸರ್ ಉಳಿದಿದ್ದವು, ಅಲ್‌ಹಮ್ದುಲಿಲ್ಲಾಹ್. ಹೊಸ ಎಸ್‌ಎಂಪಿಎಸ್‌ಗೆ ನಾವು ಕೊಟ್ಟದ್ದು 3,200 ರೂಪಾಯಿ. ಆದರೆ ಹಾರ್ಡ್ ಡಿಸ್ಕು ಮಾತ್ರ ಟಕ್ ಟಕ್ ಎನ್ನುತ್ತಿತ್ತು, ತೆರೆಯಲಿಲ್ಲ. “ಇದನ್ನು ಕೊಂದದ್ದು ಕೊನೆಯ ಆ ಒಂದು ಏಟೇ ಎಂದು ನಾನು ಹೇಳಲಾರೆ. ಡಿಸ್ಕಿಗೂ ವಯಸ್ಸಾಗಿತ್ತು. ಒಂದೂವರೆ ತಿಂಗಳಿಂದ ಬರೆಯುತ್ತಿರುವಾಗಲೇ ಎಷ್ಟು ಸಲ ಕರೆಂಟು ಕಡಿದಿದೆ ನೋಡಿ” ಎಂದರು ಅವರು.

ತಂಗಿಯ ಸ್ವಂತ ಕಡತಗಳಲ್ಲಿ ಬಹುಪಾಲು ಪೆನ್‌ಡ್ರೈವಿನಲ್ಲಿದ್ದವು. ಮದುವೆ ಕಾರ್ಡುಗಳನ್ನು ಹಗಲುರಾತ್ರಿ ಕುಳಿತು ಮತ್ತೆ ಮಾಡಿಕೊಟ್ಟಳು. ಆದರೆ ಒಂದು ಮದುವೆಯ ಫೋಟೋಗಳು ಅವಳ ಬಳಿ ಮಾತ್ರ ಇದ್ದವು. ಫೋಟೋಗ್ರಾಫರ್ ತನ್ನ ಕಾರ್ಡನ್ನು ಅಳಿಸಿ ಬೇರೆ ಮದುವೆಗೆ ಬಳಸಿಬಿಟ್ಟಿದ್ದ. ಡಿಸ್ಕಿನಿಂದ ಮಾಹಿತಿ ಹೊರತೆಗೆಯುವವರ ಬಳಿ ಕಳಿಸಿ, ಎಸ್‌ಎಂಪಿಎಸ್ ಬೆಲೆಯ ಮೂರು ಪಾಲು ಹಣ ಕೊಟ್ಟ ಮೇಲೆ ಸುಮಾರು ಅರ್ಧದಷ್ಟು ಫೋಟೋಗಳು ಸಿಕ್ಕಿದವು. ನಿಕಾಹ್ ನಡೆದ ಹೊತ್ತಿನವು ಸಿಗಲಿಲ್ಲ. ಆ ವಧುವಿನ ತಂದೆ ಮದುವೆಯಾದ ಎರಡು ತಿಂಗಳಿಗೆ ತೀರಿಕೊಂಡಿದ್ದರು.

“ಫೋನಿನಲ್ಲಿ ಹೇಳಿಬಿಡು” ಎಂದೆ ನಾನು. “ಇಲ್ಲ ಆಪಾ, ಅದು ಅವರ ಅಮಾನತ್ತು. ಎದುರಿಗೆ ಹೋಗಿಯೇ ಹೇಳಬೇಕು” ಎಂದಳು ತಂಗಿ. ಇಬ್ಬರೂ ಹೋದೆವು. ಆ ಹುಡುಗಿ ಎಲ್ಲವನ್ನೂ ಕೇಳಿದಳು. ಬಯ್ಯಲಿಲ್ಲ. “ಅಬ್ಬಾ ಇದ್ದ ಫೋಟೋ ಒಂದಾದರೂ ಇದೆಯಾ?” ಎಂದಷ್ಟೇ ಕೇಳಿದಳು. ಸಿಕ್ಕಿದವುಗಳಲ್ಲಿ ಏಳು ಇದ್ದವು. ತಂಗಿ ಅವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದಿದ್ದಳು. ಹಣ ವಾಪಸು ಕೊಡಲು ಹೋದರೆ ಆ ಮನೆಯವರು ತೆಗೆದುಕೊಳ್ಳಲಿಲ್ಲ. ಅದು ತಂಗಿಗೆ ಇನ್ನಷ್ಟು ಭಾರವಾಯಿತು.

ಜೋಡಿಸಿದ ಹುಡುಗನನ್ನು ದೂರಲು ನನಗೆ ಮನಸ್ಸಿಲ್ಲ. ಅವನು ನಮ್ಮ ಹಣ ಉಳಿಸಲು ನೋಡಿದ. ಆದರೆ ಆ ಚೀಟಿ ನಮ್ಮ ಕಣ್ಣೆದುರಿಗೇ ಇತ್ತು. ಹನ್ನೆರಡನ್ನು ಹದಿನೈದರಿಂದ ಗುಣಿಸುವುದು ನನ್ನ ಶಾಲೆಯ ಐದನೇ ತರಗತಿಯ ಮಕ್ಕಳಿಗೂ ಬರುತ್ತದೆ. ‘ಇದೆಲ್ಲ ನಮಗೆ ಅರ್ಥವಾಗುವುದಿಲ್ಲ’ ಎಂದು ನಾವೇ ತೀರ್ಮಾನಿಸಿಕೊಂಡು ತಲೆಯಾಡಿಸಿದೆವು. ಸೀರೆ ಕೊಳ್ಳುವಾಗ ನೂಲು ಎಳೆದು ನೋಡುವವರು, ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವವರು ನಾವು. ಮನೆಯ ಅನ್ನ ದುಡಿಯುವ ಯಂತ್ರವನ್ನು ಕೊಳ್ಳುವಾಗ ಮಾತ್ರ ಏಕೆ ಸುಮ್ಮನಿರಬೇಕು?

ಸಹೋದರಿಯರೇ, ನಿಮ್ಮ ಮನೆಯ ಕಂಪ್ಯೂಟರನ್ನು ಹೊಸದು ಮಾಡಿಸುವ ಯೋಚನೆ ಇದ್ದರೆ ಮೊದಲು ಪಕ್ಕದ ತಗಡು ತೆಗೆಸಿ, ಆ ಚೀಟಿಯನ್ನು ಓದಿ. ಗುಣಿಸಿ. ಎಂಟು ಹತ್ತು ವರ್ಷ ದುಡಿದ ಪೆಟ್ಟಿಗೆಯಾದರೆ ಲೆಕ್ಕ ಸರಿಯಿದ್ದರೂ ಅದಕ್ಕೆ ವಿಶ್ರಾಂತಿ ಕೊಡಿ. ಹಳೆಯದನ್ನು ಕಸದ ಗಾಡಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ. ಯಂತ್ರಕ್ಕೆ ಕೈ ಹಚ್ಚುವ ಮೊದಲು ಮುಖ್ಯವಾದ ಕಡತಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲಿ.

ತಂಗಿಯ ಮೇಜಿನ ಮೇಲೆ ಈಗ ಎರಡು ಬಾಹ್ಯ ಡಿಸ್ಕುಗಳಿವೆ. ಪ್ರತಿ ರಾತ್ರಿ ಕೆಲಸ ಮುಗಿಸಿದ ಬಳಿಕ ಅಂದಿನದ್ದನ್ನು ಎರಡಕ್ಕೂ ನಕಲು ಮಾಡಿಯೇ ಅವಳು ಮಲಗುತ್ತಾಳೆ. ಯಂತ್ರ ಈಗ ನಿಲ್ಲುವುದಿಲ್ಲ. ಹಳೆಯ ಎಸ್‌ಎಂಪಿಎಸ್‌ನ ಚೀಟಿಯನ್ನು ಮಾತ್ರ ಅವಳು ಕಿತ್ತು ತನ್ನ ಲೆಕ್ಕದ ಪುಸ್ತಕದಲ್ಲಿ ಅಂಟಿಸಿಟ್ಟುಕೊಂಡಿದ್ದಾಳೆ.